ಹೆಬ್ಬೆರಳು ಮಡಿಚುವ ಹೊತ್ತು

ಹೊನ್ನಿಯ ತಲೆ ಬಾಚುತ್ತಿದ್ದೆ. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎಡಗಡೆಯ ಜಡೆಗೆ ಎಳೆ ಮಾಡಿಕೊಂಡಿದ್ದೆ. ಅವಳು ನನ್ನ ಮೊಣಕಾಲುಗಳ ನಡುವೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದಳು. ಇದ್ದಕ್ಕಿದ್ದಂತೆ ಕತ್ತು ಸೆಟೆಸಿದಳು. ಸಿಕ್ಕು ಎಳೆಯಿತೇನೋ ಎಂದು ನಾನು ಕೈ ಸಡಿಲಿಸುವಷ್ಟರಲ್ಲಿ ಕೆರೆ ಕಡೆಯಿಂದ ಕೋವಿಯ ಸದ್ದು ಬಂತು. ಒಂದೇ ಈಡು.

ಕೆರೆ ಕಡೆಯ ಹೊಲಗಳ ಹಂದಿ ಕಾವಲು ನನ್ನ ಗಂಡ ಹಾಲೇಶನದು. ಬೆಳಗಿನ ಆ ಹೊತ್ತಿನಲ್ಲಿ ಅಲ್ಲಿ ಬೇರೆ ಯಾರ ಕೋವಿಯೂ ಇರುವುದಿಲ್ಲ. ನಾನು ಮಗಳ ಕೂದಲಿನ ಎಳೆಗಳನ್ನು ಬೆರಳಿನಲ್ಲಿ ಹಿಡಿದುಕೊಂಡು ಹಾಗೇ ಕೂತೆ. ಈಡಿಗೆ ಮೊದಲು ನನ್ನ ಕಿವಿಗೆ ಏನೂ ಬಂದಿರಲಿಲ್ಲ. ಈ ಸಲವೂ ಬಂದಿರಲಿಲ್ಲ.

ನಮ್ಮೂರಿನಲ್ಲಿ ಕೋವಿಯ ಸೇಫ್ಟಿಯನ್ನು, ಈಡು ತಾನಾಗಿ ಹಾರದಂತೆ ತಡೆಯುವ ಗುಂಡಿಯನ್ನು, ಮುಂದಕ್ಕೆ ತಳ್ಳಿದರೆ ಆಗುವ ಟಿಕ್ ಎನ್ನುವ ಸದ್ದು ಕೋವಿ ಹಿಡಿದವರಿಗೆ ಕೇಳಿಸುವುದಿಲ್ಲ. ಅವರ ಜೀವ ಯಾರ ಮೇಲಿರುತ್ತದೋ ಅವರಿಗೆ ಕೇಳಿಸುತ್ತದೆ, ಅವರು ಎಲ್ಲಿದ್ದರೂ. ಸೇಫ್ಟಿ ಹಿಂದಕ್ಕೆ ಬಂದಾಗ ಇನ್ನೊಂದು ಟಿಕ್. ಮೊದಲನೆಯದು ಬಂದು ಎರಡನೆಯದು ಬರುವ ತನಕ, ಕೇಳಿದವರು ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡು, ಮಾಡುತ್ತಿದ್ದ ಕೆಲಸ ಬಿಟ್ಟು ಸುಮ್ಮನಿರಬೇಕು. ಊರು ಇದಕ್ಕೆ ಹೊಂದಿಕೊಂಡಿದೆ. ರೊಟ್ಟಿ ಬೇಯಿಸುವವರು ಹಂಚು ಇಳಿಸಲು ಪಕ್ಕದಲ್ಲೇ ಬಟ್ಟೆ ಇಟ್ಟುಕೊಂಡಿರುತ್ತಾರೆ. ಪೇಟೆ ಬಸ್ಸಿನ ಡ್ರೈವರನ ತಾಯಿಗೆ ವಯಸ್ಸಾದರೂ ಹೊಲ ಕಾಯುವ ಹುಚ್ಚು ಬಿಟ್ಟಿಲ್ಲ. ಬಸ್ಸು ಎಷ್ಟೋ ಸಲ ನಡುದಾರಿಯಲ್ಲಿ ನಿಂತುಬಿಡುತ್ತದೆ, ಒಳಗಿದ್ದವರು ಕಿಟಕಿಯಾಚೆ ನೋಡುತ್ತಾ ಕೂತಿರುತ್ತಾರೆ. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಹೋದವರು ನೊರೆ ಒಣಗುವ ತನಕ ಕಾಯುತ್ತಾರೆ. ಯಾರೂ ಗೊಣಗುವುದಿಲ್ಲ. ಯಾರದು ಕೇಳಿಸಿತು ಎಂದು ಯಾರೂ ಯಾರನ್ನೂ ಕೇಳುವುದೂ ಇಲ್ಲ. ಮಕ್ಕಳಿಗೆ ಮಾತು ಬಂದ ಕೂಡಲೇ ನಾವು ಕಲಿಸುವ ಮೊದಲ ಮರ್ಯಾದೆ ಅದು.

ಕೋವಿ ಹಿಡಿಯುವವರಿಗೂ ಅವರವರ ರೂಢಿಗಳಿವೆ. ಕೆಲವರು ಪೊದೆಯಲ್ಲಿ ಸರಸರ ಎಂದರೆ ಸಾಕು, ಸೇಫ್ಟಿ ತಳ್ಳಿಬಿಡುತ್ತಾರೆ. ಆಮೇಲೆ ಹಂದಿ ಬರಲಿ ಬರದಿರಲಿ, ಮನೆಯಲ್ಲಿ ಕೇಳಿದವರು ಒಲೆ ಮುಂದೆ ಮುಷ್ಟಿ ಹಿಡಿದು ಒಣಗಬೇಕು. ರೈಫಲ್ ಇರುವವರದು ಬಿಗಿಯಾದ ಗುಂಡಿ, ಸದ್ದೂ ಗಡಸು. ಹಳಬರು ಬೇಲಿ ದಾಟುವಾಗ ಸೇಫ್ಟಿಯನ್ನೂ ನಂಬುವುದಿಲ್ಲ, ನಳಿಗೆ ಮಡಿಚಿ ತೋಟಾ ತೆಗೆದು ಜೇಬಿಗೆ ಹಾಕಿಕೊಂಡು ದಾಟುತ್ತಾರೆ. ಒಳ್ಳೆಯ ಕೈ ಎಂದರೆ, ಕೋವಿ ಭುಜಕ್ಕೆ ಏರುತ್ತಿರುವಾಗಲೇ ಹೆಬ್ಬೆರಳು ಸೇಫ್ಟಿ ತಳ್ಳಬೇಕು, ಹಿಡಿ ಭುಜಕ್ಕೆ ತಾಗುವುದಕ್ಕೂ ಈಡಿಗೂ ನಡುವೆ ಉಸಿರು ಎಳೆದುಕೊಳ್ಳುವಷ್ಟೂ ಹೊತ್ತಿರಬಾರದು. ಸೇಫ್ಟಿ ತೆರೆದುಕೊಂಡೇ ಓಡಾಡುವವರನ್ನು ಬಿಚ್ಚುಗೈಯವರು ಎನ್ನುತ್ತಾರೆ. ಹೆಣ್ಣು ಕೊಡುವವರು ಗಂಡಿನ ಬಗ್ಗೆ ಮೊದಲು ವಿಚಾರಿಸುವುದು ಅದನ್ನೇ.

ಹಾಲೇಶ ಮೊದಲಿಂದ ಒಳ್ಳೆಯ ಕೈಯೇನಲ್ಲ. ಸರಸರ ಎಂದರೆ ತಳ್ಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಟಿಕ್ ಎಂದು ಬಂದರೆ ನಾನು ಹಿಟ್ಟಿನ ಕೈಯಲ್ಲೇ ಮುಷ್ಟಿ ಕಟ್ಟಿ, ಹಿಟ್ಟು ಬೆರಳಿನಲ್ಲಿ ಗಟ್ಟಿಯಾಗುವ ತನಕ ಕೂರುತ್ತಿದ್ದೆ. ಬೇಸರವಾಗುತ್ತಿರಲಿಲ್ಲ. ದೂರದ ಹೊಲದಲ್ಲಿರುವ ಮನುಷ್ಯ ನನ್ನ ಕಿವಿಯ ಹತ್ತಿರ ಬಂದು ನಿಂತ ಹಾಗಿರುತ್ತಿತ್ತು. ಬಸುರಿಯಿದ್ದಾಗ, ಬಾಣಂತಿಯಿದ್ದಾಗ, ಅತ್ತೆ ತೀರಿಕೊಂಡ ದಿನಗಳಲ್ಲಿ, ಆ ಸದ್ದು ತಪ್ಪಲಿಲ್ಲ. ಈ ವರ್ಷ ಶೇಂಗಾ ಹೂ ಬಿಡುವ ಹೊತ್ತಿಗೆ ನಿಂತುಹೋಯಿತು. ಹುಷಾರಿಲ್ಲವೇನೋ ಎಂದು ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡೆ. ಆಮೇಲೆ ಅರ್ಥವಾಯಿತು.

ಅದೇ ದಿನಗಳಲ್ಲಿ ಅವನ ಕೈ ಬದಲಾಗಿತ್ತು. ಮನೆಯಲ್ಲಿ ಖಾಲಿ ಕೋವಿ ಹಿಡಿದು ಅಭ್ಯಾಸ ಮಾಡುವಾಗ ನೋಡಿದೆ, ಹೆಬ್ಬೆರಳು ಕೋವಿಯ ಜೊತೆಗೇ ಮೇಲೇಳುತ್ತಿತ್ತು, ನೀರಿನಿಂದ ಮೀನು ಎದ್ದ ಹಾಗೆ. ಎಲ್ಲಿ ಕಲಿತೆ ಎಂದು ಕೇಳಿದೆ. ಅಂಬುಜ ತೋರಿಸಿಕೊಟ್ಟಳು ಎಂದ. ನೆಲ ನೋಡಿ ಹೇಳಲಿಲ್ಲ, ನನ್ನನ್ನೇ ನೋಡಿ ಹೇಳಿದ. ಅದೇ ನನಗೆ ಇನ್ನಷ್ಟು ಉರಿಯಿತು.

ಅಂಬುಜ ಕೋವಿ ರಿಪೇರಿ ಅಂಗಡಿಯವಳು. ಅಪ್ಪನ ಕಸುಬು ಅವಳಿಗೆ ಬಂದಿದೆ. ಗಂಡ ಬಿಟ್ಟುಹೋದನೋ ಅವಳೇ ಬಿಟ್ಟಳೋ, ಅದರ ಬಗ್ಗೆ ಅವಳು ಮಾತಾಡುವುದಿಲ್ಲ. ಅವಳು ಕೋವಿ ಭುಜಕ್ಕೆತ್ತುವುದನ್ನು ನೋಡಲು ಗಂಡಸರು ಅಂಗಡಿ ಮುಂದೆ ನಿಂತಿರುತ್ತಾರೆ. ನನ್ನ ಗಂಡನ ಹೆಬ್ಬೆರಳನ್ನು ಅವಳು ಹಿಡಿದು ಸೇಫ್ಟಿಯ ಮೇಲೆ ಇಟ್ಟು ತೋರಿಸಿರಬಹುದು ಎಂದು ಯೋಚಿಸಿದಾಗ ಪಾತ್ರೆ ತಿಕ್ಕುತ್ತಿದ್ದ ನನ್ನ ಕೈ ತಾನಾಗಿ ನಿಂತಿತು. ಪಕ್ಕದ ಮನೆಯ ಬಸಕ್ಕ ಅದನ್ನು ನೋಡಿ ತಾನೂ ಮಾತು ನಿಲ್ಲಿಸಿ, ನನಗೆ ಸದ್ದು ಬಂದಿದೆ ಎಂದುಕೊಂಡು, ಗೌರವದಿಂದ ಮುಖ ಅತ್ತ ತಿರುಗಿಸಿದಳು. ನಾನು ಹೆಬ್ಬೆರಳು ಮಡಿಚಿಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ತೆರೆದೆ. ಬಸಕ್ಕ ನಕ್ಕು, "ಇನ್ನೂ ಹೊಸ ಮದ್ವಣಿಗ ಕಣೇ ನಿನ್ ಗಂಡ, ಹೊತ್ತಿಲ್ಲ ಗೊತ್ತಿಲ್ಲ ತಳ್ತಾನೆ" ಎಂದಳು.

ಹಾಗೆ ಶುರುವಾಯಿತು. ಆಮೇಲೆ ದಿನಕ್ಕೆ ಒಂದೆರಡು ಸಲ, ಯಾರಾದರೂ ಕಾಣುವಂತಿದ್ದಾಗ, ಕೆಲಸ ನಿಲ್ಲಿಸಿ ಹೆಬ್ಬೆರಳು ಮಡಿಚುತ್ತಿದ್ದೆ. ಶೇಂಗಾ ಸುಲಿಯಲು ಹೆಂಗಸರೆಲ್ಲ ಕೂತಿರುವಾಗ, ಬಾವಿಯ ಹತ್ತಿರ, ಹೊನ್ನಿಯನ್ನು ಶಾಲೆಗೆ ಬಿಡುವಾಗ ಗೇಟಿನ ಮುಂದೆ. ಹೊನ್ನಿ ನನ್ನ ಪಕ್ಕದಲ್ಲಿ ನಿಂತು ನನ್ನ ಮುಷ್ಟಿಯನ್ನೇ ನೋಡುತ್ತಿದ್ದಳು. ಒಂದೆರಡು ಸಲ, "ಅಮ್ಮ, ಒಂದು ಕೇಳ್ಲಾ?" ಎಂದಳು. ಕೇಳು ಕಂದ ಎಂದರೆ ತುಟಿ ಕಚ್ಚಿಕೊಂಡು ಏನಿಲ್ಲ ಎಂದುಬಿಡುತ್ತಿದ್ದಳು. ಶಾಲೆಯಲ್ಲಿ ಯಾರೋ ಅಂಬುಜಳ ಮಾತು ಎತ್ತಿರಬೇಕು, ಮಗು ಅಪ್ಪನ ಬಗ್ಗೆ ಕೇಳಲು ಹಿಂಜರಿಯುತ್ತಿದೆ ಎಂದು ನನಗನಿಸಿತು. ಒತ್ತಾಯ ಮಾಡಲಿಲ್ಲ. ಕೇಳಬೇಕು ಅನಿಸಿದಾಗ ಕೇಳು, ನಾನೆಲ್ಲೂ ಹೋಗಲ್ಲ ಎಂದು ಗಲ್ಲ ಸವರಿದೆ.

ಕೆರೆ ಕಡೆಯಿಂದ ಆ ಒಂದು ಈಡು ಬಂದ ಬೆಳಿಗ್ಗೆ, ಹೊನ್ನಿಯ ಎರಡನೆಯ ಜಡೆ ಮುಗಿಯುವ ಮುಂಚೆಯೇ ಬಸಕ್ಕ ಓಡಿಬಂದಳು. ಹಾಲೇಶನ ಈಡು ಪಕ್ಕದ ಹೊಲದ ರುದ್ರಪ್ಪನ ಕರೆಯುವ ಎಮ್ಮೆಗೆ ಬಿದ್ದಿತ್ತು. ಹಿಂಗಾಲಿಗೆ ಚರೆಗುಂಡು ಹೊಕ್ಕಿವೆ, ಜೀವಕ್ಕೇನೂ ಇಲ್ಲ, ಆದರೆ ಕಾಲು ಕುಂಟಾಗುತ್ತದೆ ಎಂದಳು. ಹಾಲೇಶ ಹೇಳಿದ್ದು ಇಷ್ಟು: ಬೇಲಿ ಸಂದಿಯಿಂದ ಹಂದಿ ನುಗ್ಗಿತು, ಕೋವಿ ಎತ್ತಿದೆ, ಎತ್ತುವಾಗಲೇ ಸೇಫ್ಟಿ ತಳ್ಳಿದೆ, ಒದ್ದೆ ಬದುವಿನ ಮೇಲೆ ಕಾಲು ಜಾರಿತು, ಈಡು ಅತ್ತ ಹಾರಿತು. ರುದ್ರಪ್ಪ ಹೇಳಿದ್ದು ಬೇರೆ. ಹಾಲೇಶ ಮನೆಯಿಂದ ಹೊರಟಾಗಿನಿಂದ ಸೇಫ್ಟಿ ತೆರೆದೇ ಇತ್ತು, ಅವನು ಬಿಚ್ಚುಗೈಯವನು, ಜಾರಿದಾಗ ಕೋವಿ ತಾನೇ ಹಾರಿತು. ಹಾಗೇನಾದರೂ ಇದ್ದರೆ ಶಿಕ್ಷೆ ಎಲ್ಲರಿಗೂ ಗೊತ್ತು. ಸೇಫ್ಟಿಯ ಸಂದಿಗೆ ಕಾಸಿದ ಸೀಸ ಹುಯ್ಯುತ್ತಾರೆ. ಅದು ಮತ್ತೆ ಅಲುಗುವುದಿಲ್ಲ. ಆ ಕೋವಿಯನ್ನು ಮನೆಯ ತಲೆಬಾಗಿಲ ಮೇಲೆ ನೇತುಹಾಕಬೇಕು. ಆಮೇಲೆ ಅದು ಸೀಸದ ಮನೆ. ಆ ಮನೆಯವರಿಗೆ ಕಾವಲಿನ ಕೆಲಸ ಯಾರೂ ಕೊಡುವುದಿಲ್ಲ, ಆ ಮನೆಯ ಹೆಣ್ಣಿಗೆ ಗಂಡು ಹುಡುಕುವುದೂ ಕಷ್ಟ.

ಕೋವಿಗಳ ತಂಟೆ ತಕರಾರು ನೋಡುವವರು ಗುರುಶಾಂತಪ್ಪನವರು. ಊರೆಲ್ಲ ಅವರನ್ನು ಯಜಮಾನರು ಎನ್ನುತ್ತದೆ. ಅವರು ಮನೆಗೇ ಬಂದು ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದರು. ಇದೇನು ದೊಡ್ಡ ಮಾತಲ್ಲವ್ವ ಎಂದರು. ಈಡು ಊರಿಗೆಲ್ಲ ಕೇಳಿಸಿದೆ. ಈಡಿಗೆ ಎಷ್ಟು ಮುಂಚೆ ಟಿಕ್ ಎಂದಿತು ಎನ್ನುವುದನ್ನು ಕೇಳಿದವರು ಬಂದು ಹೇಳಿದರೆ ಸಾಕು. ಹೇಳಿದವರ ಮಾತನ್ನು ಯಾರೂ ಮೀರುವುದಿಲ್ಲ. ಸೋಮವಾರ ಅಡುಗೆ ಮುಗಿಸಿಕೊಂಡು ಕಣಜದ ಅಂಗಳಕ್ಕೆ ಬಾ ಎಂದು ಹೇಳಿ ಎದ್ದರು. ಕೇಳಿದವರು ನಾನೇ ಎನ್ನುವುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಅಲ್ಲಿಯ ತನಕ ಹಾಲೇಶ ಕಾವಲಿಗೆ ಹೋಗಬಹುದು, ಶೇಂಗಾ ಕೀಳುವ ಕಾಲ, ಹೊಲ ಬಿಡುವ ಹಾಗಿಲ್ಲ ಎಂದೂ ಹೇಳಿದರು.

ಸಂಜೆ ಹಾಲೇಶ ಅಂಗಳದಲ್ಲಿ ಕೂತು ನಳಿಗೆಗೆ ಎಣ್ಣೆ ಬಟ್ಟೆ ಎಳೆಯುತ್ತಿದ್ದ. ನಾನು ಅಕ್ಕಿ ಆರಿಸುತ್ತಿದ್ದೆ. ಅವನು ತಲೆ ಎತ್ತದೆ, "ಎಮ್ಮೆ ನೋಡಿ ಹೊಟ್ಟೆ ಉರೀತು ಕಣೇ. ಆದ್ರೆ ನನ್ ಕೋವಿ ಬಗ್ಗೆ ನಂಗೆ ಹೆದ್ರಿಕೆ ಇಲ್ಲ. ನಿಂಗೆ ಕೇಳ್ಸಿರ್ತದಲ್ಲ" ಎಂದ.

ನನಗೆ ಅವನ ಮುಖಕ್ಕೆ ಅಕ್ಕಿ ಎರಚುವಷ್ಟು ಸಿಟ್ಟು ಬಂತು. ನಾಟಕ ಆಡುತ್ತಿದ್ದಾನೆ ಎಂದುಕೊಂಡೆ. ಮರುಗಳಿಗೆಯಲ್ಲೇ, ತಳ್ಳಿದವರಿಗೆ ಸದ್ದು ಯಾರಿಗೆ ಹೋಯಿತೆಂದು ಗೊತ್ತಾಗುವುದಿಲ್ಲವಲ್ಲ, ಪಾಪ ಅವನಿಗೆ ತಿಳಿದೇ ಇಲ್ಲವೇನೋ ಎಂದೂ ಅನಿಸಿತು. ತನಗೇ ತಿಳಿಯದಂತೆ ಅವನ ಜೀವ ನನ್ನನ್ನು ಬಿಟ್ಟು ಹೋಗಿದೆ ಎನ್ನುವುದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಸೇಫ್ಟಿ ತಳ್ಳೋವಾಗ ಯಾರು ನೆನಪಾಗ್ತಾರೆ ಎಂದು ಕೇಳಿದೆ. ಅವನು ನಿಜವಾಗಿ ಯೋಚಿಸಿ, "ಯಾರೂ ಇಲ್ಲ. ಹಂದಿ ಒಂದೇ" ಎಂದ. ಅಂಗಳದಲ್ಲಿ ಕಲ್ಲಾಟ ಆಡುತ್ತಿದ್ದ ಹೊನ್ನಿ ನಕ್ಕಳು. ನಾನು ನಗಲಿಲ್ಲ.

ಮಾರನೆಯ ದಿನ ಈಳಿಗೆ ಮಣೆಯ ಅಲಗು ಮೊಂಡಾಗಿದೆ ಎಂದು ನೆಪ ಮಾಡಿಕೊಂಡು ಅಂಬುಜಳ ಅಂಗಡಿಗೆ ಹೋದೆ. ಹಾಲೇಶ ಹೊಲದಲ್ಲಿದ್ದ ಹೊತ್ತು ನೋಡಿಯೇ ಹೋದೆ. ಅವಳು ಅಲಗನ್ನು ತಿರುಗಿಸಿ ನೋಡಿ, ಮೊಂಡಾಗಿಲ್ಲ ಎಂದು ಗೊತ್ತಾದರೂ ಏನೂ ಹೇಳದೆ ಅರ ಹಾಕಲು ಕೂತಳು. ನಾನು ಅವಳ ಬಲಗೈ ನೋಡುತ್ತಾ ನಿಂತೆ. ಎಣ್ಣೆ, ಕಬ್ಬಿಣದ ಪುಡಿ, ಕತ್ತರಿಸಿದ ಉಗುರು, ಚೆಂದದ ಕೈಯೇನಲ್ಲ. ಹೆಬ್ಬೆರಳ ಬುಡದಲ್ಲಿ ಮಾತ್ರ ಚರ್ಮ ಮಿರುಗುತ್ತಿತ್ತು. ಈ ಬೆರಳನ್ನು ನೋಡಿಯೇ ಅವನು ಕಲಿತದ್ದು. ನನ್ನ ಹೆಬ್ಬೆರಳು ಅವನಿಗೆ ಏನು ಕಲಿಸಿದೆ? ಹಿಟ್ಟು ಮೆತ್ತಿಕೊಂಡು ಮಡಿಚಿಕೊಂಡು ಕಾದಿದೆ, ಅಷ್ಟೇ.

ಅಷ್ಟರಲ್ಲಿ ಅಂಬುಜಳ ಅರ ನಿಂತಿತು. ಅವಳು ಹೆಬ್ಬೆರಳನ್ನು ಮುಷ್ಟಿಗೆ ಎಳೆದುಕೊಂಡು ಕಣ್ಣು ಕೆಳಗೆ ಹಾಕಿದಳು. ಮರ್ಯಾದೆಗೆ ನಾನು ಬೇರೆ ಕಡೆ ನೋಡಬೇಕಿತ್ತು. ನೋಡಲಿಲ್ಲ. ಕೆರೆ ಕಡೆಯಿಂದ ಈಡು ಬರುತ್ತದೇನೋ ಎಂದು ಕಿವಿ ಕೊಟ್ಟೆ. ಬರಲಿಲ್ಲ. ಬೇರೆಲ್ಲಿಂದಲೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಮುಷ್ಟಿ ಬಿಟ್ಟು ನನ್ನ ಕಡೆ ನೋಡಿದಳು. "ಏನಕ್ಕ, ಅಲಗು ನೋಡಕ್ಕೆ ಬಂದ್ಯೋ, ನನ್ ಕೈ ನೋಡಕ್ಕೆ ಬಂದ್ಯೋ?"

ಎರಡನ್ನೂ ಎಂದು ಹೇಳಬೇಕೆನಿಸಿತು. ಈಳಿಗೆ ಎತ್ತಿಕೊಂಡು ಮನೆಗೆ ಬಂದೆ. ಅವತ್ತು ಆ ಅಲಗಿನಲ್ಲೇ ಬೆರಳು ಕುಯ್ದುಕೊಂಡೆ. ಹೊನ್ನಿ ಅರಿಶಿನ ತಂದು ಒತ್ತಿದಳು.

ಸೋಮವಾರದ ತನಕ ನನ್ನ ತಲೆಯಲ್ಲಿ ಓಡಿದ್ದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ. ನನಗೆ ಕೇಳಿಸುವುದಿಲ್ಲ ಎಂದರೆ ಹಾಲೇಶನ ಪರವಾಗಿ ಹೇಳುವವರು ಯಾರೂ ಇರುವುದಿಲ್ಲ. ನಾನು ಊರಿನ ಎದುರು ಗಂಡ ಮರೆತ ಹೆಂಗಸಾಗುತ್ತೇನೆ. ಕೇಳಿಸಿತು, ಈಡಿಗೆ ಕೊಂಚವೇ ಮುಂಚೆ ಬಂತು ಎಂದು ಸುಳ್ಳು ಹೇಳಿದರೆ ಕೋವಿ ಉಳಿಯುತ್ತದೆ, ಆದರೆ ನಿಜವಾಗಿ ಕೇಳಿದವಳು ಅದೇ ಅಂಗಳದಲ್ಲಿ ಕೂತು ನನ್ನ ಸುಳ್ಳನ್ನು ನೋಡುತ್ತಾಳೆ, ಮನಸ್ಸಿನಲ್ಲೇ ನಗುತ್ತಾಳೆ. ಮೂರನೆಯದೂ ಒಂದಿತ್ತು. ತುಂಬಾ ಮುಂಚೆಯೇ ಬಂದಿತ್ತು ಎಂದುಬಿಟ್ಟರೆ ಸೀಸ ಹುಯ್ಯುತ್ತಾರೆ. ಆಮೇಲೆ ಆ ಕೋವಿ ನನಗೂ ಮೂಕ, ಅವಳಿಗೂ ಮೂಕ. ಸಾರಿಗೆ ಒಗ್ಗರಣೆ ಹಾಕುತ್ತಾ ಇದನ್ನು ಯೋಚಿಸಿದೆ. ಸಾಸಿವೆ ಸಿಡಿದು ಕಪ್ಪಾಗುವ ತನಕ ಯೋಚಿಸಿದೆ. ಆಮೇಲೆ ಹೊನ್ನಿ ಹಸಿವು ಎಂದು ತಟ್ಟೆ ಹಿಡಿದು ಬಂದಳು. ಈ ಮಗುವಿನ ಮನೆಯ ಬಾಗಿಲ ಮೇಲೆ ಸೀಸದ ಕೋವಿ ತೂಗುವುದನ್ನು ಕಣ್ಣೆದುರು ತಂದುಕೊಂಡೆ, ಆ ಯೋಚನೆಯನ್ನು ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ, ತಟ್ಟೆಗೆ ಅನ್ನ ಬಡಿಸಿದೆ.

ಸೋಮವಾರ ಶಾಲೆ ಇತ್ತು. ಹೊನ್ನಿ ಹೋಗುವುದಿಲ್ಲ ಎಂದಳು. ಎಂದೂ ಹಟ ಮಾಡದ ಮಗು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ನಿನ್ ಜೊತೆ ಬರ್ತೀನಿ ಅಂದಷ್ಟೇ ಹೇಳಿದಳು. ಜಡೆ ಹಾಕಿ ಕರೆದುಕೊಂಡು ಹೋದೆ.

ಕಣಜದ ಅಂಗಳದಲ್ಲಿ ಅಷ್ಟೊಂದು ಜನ ಸೇರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಸಕ್ಕ ನನಗೆ ಮುಂದೆಯೇ ಜಾಗ ಹಿಡಿದಿದ್ದಳು. ರುದ್ರಪ್ಪ ಎದ್ದು ನಿಂತು, ಹೆಂಡತಿ ಗಂಡನ ಕಡೆ ಹೇಳದೆ ಇನ್ನೇನು ಹೇಳುತ್ತಾಳೆ, ಇವಳಿಗೆ ನಿಜವಾಗಿ ಕೇಳಿಸುತ್ತದೆಂದು ಮೊದಲು ಗೊತ್ತಾಗಲಿ ಎಂದ. ಜನ ಗುಜುಗುಜು ಎಂದರು. ಹಾಗೆ ಕೇಳುವುದು ಮರ್ಯಾದೆಯಲ್ಲ. ಆದರೆ ಎಮ್ಮೆ ಅವನದು. ಯಜಮಾನರು ನನ್ನ ಮುಖ ನೋಡಿ ಕ್ಷಮೆ ಕೇಳುವ ದನಿಯಲ್ಲಿ ವಿವರಿಸಿದರು. ಹಾಲೇಶ ಖಾಲಿ ಕೋವಿ ಹಿಡಿದು ಕಣಜದ ಗೋಡೆಯ ಆಚೆ ನಿಲ್ಲುತ್ತಾನೆ. ಗೋಡೆಯಲ್ಲಿರುವ ಕಿಂಡಿಯಿಂದ ಅವನ ಕೈ ತಮಗೊಬ್ಬರಿಗೆ ಮಾತ್ರ ಕಾಣುತ್ತದೆ. ಅವನು ತನಗೆ ಬೇಕೆನಿಸಿದಾಗ ಸೇಫ್ಟಿ ತಳ್ಳುತ್ತಾನೆ. ಕೇಳಿದವರು ಹೆಬ್ಬೆರಳು ಮಡಿಚಿ ಮುಷ್ಟಿ ಎತ್ತಿದರೆ ಮುಗಿಯಿತು. "ಒಂದೇ ಸಲ ಸಾಕವ್ವ. ಆಮೇಲೆ ಅವತ್ತಿಂದು ಹೇಳಿ ಮನೆಗೆ ಹೋಗು."

ಹಾಲೇಶ ಗೋಡೆಯ ಆಚೆ ಹೋಗುವ ಮುಂಚೆ ನನ್ನ ಕಡೆ ತಿರುಗಿ ತಲೆ ಆಡಿಸಿದ. ಅವನ ಮುಖದಲ್ಲಿ ಅಂಥ ನೆಮ್ಮದಿ ಇತ್ತು, ನಾನು ಕಣ್ಣು ಕೆಳಗೆ ಹಾಕಿದೆ.

ಅಂಬುಜ ಅಂಗಳದ ಆ ಬದಿಯಲ್ಲಿ, ಹುಣಸೆ ಮರದ ನೆರಳಿನಲ್ಲಿ ಕೂತಿದ್ದಳು. ಬಲಗೈ ಮಂಡಿಯ ಮೇಲಿತ್ತು. ಆಗ ನನಗೆ ಹೊಳೆಯಿತು. ನನಗೆ ಕೇಳಿಸಬೇಕಾಗಿಯೇ ಇಲ್ಲ. ಅವಳಿಗೆ ಕೇಳಿಸುತ್ತದಲ್ಲ. ಅವಳ ಹೆಬ್ಬೆರಳು ಮಡಿಚಿದ ಗಳಿಗೆಯಲ್ಲೇ ನನ್ನದನ್ನು ಮಡಿಚಿ ಕೈ ಎತ್ತಿಬಿಟ್ಟರೆ, ಅವಳ ಕಿವಿಗೆ ಬಿದ್ದದ್ದನ್ನು ಅವಳ ಕಣ್ಣೆದುರೇ ನನ್ನದು ಮಾಡಿಕೊಂಡ ಹಾಗೆ. ನಾನಲ್ಲ, ನಾಚಬೇಕಾದವಳು ಅವಳು. ಅವಳು ಬಾಯಿ ತೆರೆದು ನನಗೂ ಕೇಳಿಸಿತು ಎಂದು ಹೇಳಲಿ ನೋಡೋಣ. ನಾನು ಆ ಕೈಯಿಂದ ಕಣ್ಣು ಕೀಳಲಿಲ್ಲ. ಅಷ್ಟು ಗಮನವಿಟ್ಟು ನಾನು ನನ್ನ ಗಂಡನ ಕೈಯನ್ನೂ ನೋಡಿದವಳಲ್ಲ.

ಯಜಮಾನರು ಕಿಂಡಿಯ ಕಡೆ ಮುಖ ಮಾಡಿ ಕೂತರು. ಹೊನ್ನಿ ನನ್ನ ಸೆರಗಿನ ತುದಿ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಹುಣಸೆ ಎಲೆ ಉದುರುತ್ತಿದ್ದವು. ಅಂಬುಜ ಕತ್ತಿನ ಮೇಲೆ ಬಿದ್ದ ಎಲೆಯನ್ನು ಎಡಗೈಯಲ್ಲಿ ತೆಗೆದಳು. ಬಲಗೈ ಅಲುಗಲಿಲ್ಲ. ಕಾದೆ. ಆಮೇಲೆ, ಯಾವ ಅವಸರವೂ ಇಲ್ಲದೆ, ಅವಳ ಹೆಬ್ಬೆರಳು ಒಳಕ್ಕೆ ಸರಿದು ಮುಷ್ಟಿ ಕಟ್ಟಿಕೊಂಡಿತು.

ನಾನು ಮಡಿಚಿದೆ. ಕೈ ಮೇಲೆತ್ತಿದೆ. ಹಿಂದೆ ಕೂತ ಬಸಕ್ಕ ನೆಮ್ಮದಿಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ಅಂಬುಜ ತಲೆ ಎತ್ತಿ ನನ್ನ ಮುಷ್ಟಿ ನೋಡಿದಳು, ತನ್ನದನ್ನು ನೋಡಿಕೊಂಡಳು, ಅವಳ ಮುಖದಲ್ಲಿ ಬಂದದ್ದು ನಾಚಿಕೆಯಲ್ಲ, ಸಿಟ್ಟೂ ಅಲ್ಲ. ಅದು ಕನಿಕರದ ಹಾಗಿತ್ತು. ಯಜಮಾನರು ಕಿಂಡಿಯಿಂದ ಮುಖ ಈಚೆ ತಿರುಗಿಸಿ ನನ್ನನ್ನು ನೋಡಿದರು, ಮತ್ತೆ ಕಿಂಡಿಯೊಳಗೆ ನೋಡಿದರು. ನನ್ನ ಕೈ ಮೇಲೆಯೇ ಇತ್ತು. ಅದನ್ನು ಇಳಿಸುವುದು ಹೇಗೆಂದು ತಿಳಿಯಲಿಲ್ಲ.

ಆಗ ಹೊನ್ನಿ ಸೆರಗು ಜಗ್ಗಿದಳು. ನಾನು ಬಗ್ಗಿದೆ. ಅವಳು ಪಿಸುಗುಡಲಿಲ್ಲ. ಎಷ್ಟೋ ದಿನದಿಂದ ಬಾಯೊಳಗೆ ಇಟ್ಟುಕೊಂಡು ಸಾಕಾದವಳ ಹಾಗೆ, ಅಂಗಳದ ಕೊನೆಯಲ್ಲಿ ಕೂತವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು.

"ಅಮ್ಮ, ಅಪ್ಪ ಇನ್ನೂ ತಳ್ಳೇ ಇಲ್ವಲ್ಲ. ನಂಗೆ ಟಿಕ್ ಅಂತ ಕೇಳ್ಸದೆ ಇದ್ದಾಗ್ಲೂ ಯಾಕಮ್ಮ ನೀನು ಯಾವಾಗ್ಲೂ ಹೆಬ್ಬೆಟ್ಟು ಮಡಿಚ್ಕೊತೀಯ?"